ಈ ಸ್ವತ್ತು ಮಾರಾಟಕ್ಕಿಲ್ಲ

ಬೆಂಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ, ಅದು ಹೊಸಕೋಟೆಯ ಕಡೆಗಾಗಲಿ, ನೆಲಮಂಗಲದ ಕಡೆಗಾಗಲಿ, ಕನಕಪುರ ರಸ್ತೆಯಾಗಲಿ, ಖಾಲಿ ಜಾಗ ಕಂಡಲ್ಲೆಲ್ಲ ಒಂದು ಬೋರ್ಡು ಕಾಣುತ್ತದೆ: ‘ಈ ಸ್ವತ್ತು ಮಾರಾಟಕ್ಕಿಲ್ಲ’. ಕೆಳಗೆ ಮಾಲೀಕರ ಹೆಸರು, ಸರ್ವೆ ನಂಬರು, ಫೋನ್ ನಂಬರು. ಸ್ವಲ್ಪ ಅನುಭವಸ್ಥರಾದರೆ ಹೈಕೋರ್ಟಿನ ರಿಟ್ ಅರ್ಜಿಯ ಸಂಖ್ಯೆಯನ್ನೂ ಬರೆಸಿರುತ್ತಾರೆ. ಹೊರದೇಶದವರು ಮಾರುವ ಜಾಗಕ್ಕೆ ಬೋರ್ಡು ಹಾಕುತ್ತಾರೆ, ನಾವು ಮಾರದ ಜಾಗಕ್ಕೆ. ಯಾಕೆಂದರೆ ಬೋರ್ಡಿಲ್ಲದ ಜಾಗವನ್ನು ಯಾರು ಬೇಕಾದರೂ ಮಾರಬಹುದು, ಮಾಲೀಕನೊಬ್ಬನನ್ನು ಬಿಟ್ಟು. ಅವನಿಗೆ ಇನ್ನೂ ಖಾತೆ ಆಗಿಲ್ಲ.

ಇದನ್ನು ನೋಡಿ ಅರ್ಥಶಾಸ್ತ್ರಜ್ಞರು ಕಣ್ಣೀರು ಹಾಕುತ್ತಾರೆ. ಖಾಸಗಿ ಆಸ್ತಿಯ ಹಕ್ಕು ಗಟ್ಟಿಯಾಗಿದ್ದರೆ ಜನ ಧೈರ್ಯವಾಗಿ ಹಣ ಹೂಡುತ್ತಾರೆ, ಬ್ಯಾಂಕು ಸಾಲ ಕೊಡುತ್ತದೆ, ಅಣ್ಣ-ತಮ್ಮ ಹೊಡೆದಾಡುವುದಿಲ್ಲ, ದೇಶ ಉದ್ಧಾರವಾಗುತ್ತದೆ ಎನ್ನುವುದು ಅವರ ವಾದ. ಪೆರು ದೇಶದ ಹರ್ನಾಂಡೊ ಡಿ ಸೊಟೊ ಎಂಬವರು 2000ನೇ ಇಸವಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಬಡ ದೇಶಗಳ ಬಡವರ ಬಳಿ ಆಸ್ತಿ ಇಲ್ಲದೆ ಇಲ್ಲ, ಆ ಆಸ್ತಿಗೆ ಕಾಗದವಿಲ್ಲ, ಹೀಗಾಗಿ ಅದು ಸತ್ತ ಬಂಡವಾಳ ಎಂದರು. ಪಾಪ, ಅವರು ನಮ್ಮ ತಾಲ್ಲೂಕು ಕಚೇರಿಗೆ ಬಂದಿರಲಿಕ್ಕಿಲ್ಲ. ಬಂದಿದ್ದರೆ ಸತ್ತ ಬಂಡವಾಳದ ಸುತ್ತ ಎಷ್ಟು ಜನ ಬದುಕುತ್ತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು.

ನನ್ನ ವಾದ ಸರಳವಾಗಿದೆ. ಕರ್ನಾಟಕದಲ್ಲಿ ಆಸ್ತಿ ಹಕ್ಕು ಸ್ಪಷ್ಟವಾದರೆ ರಾಜ್ಯದ ಆರ್ಥಿಕತೆ ನೆಲ ಕಚ್ಚುತ್ತದೆ. ಗೊಂದಲವೇ ನಮ್ಮ ಅತಿ ದೊಡ್ಡ ಗೃಹ ಕೈಗಾರಿಕೆ. ಅದಕ್ಕೆ ವಿದ್ಯುತ್ ಬೇಡ, ಕಚ್ಚಾವಸ್ತು ಬೇಡ, ವಿದೇಶಿ ಬಂಡವಾಳ ಬೇಡ. ಬೇಕಾದದ್ದು ಒಂದು ಸರ್ವೆ ನಂಬರು ಮತ್ತು ಅದಕ್ಕೆ ಇಬ್ಬರು ಮಾಲೀಕರು.

ಹುಡುಗಾಟದ ಮಾತಲ್ಲ. ನಿಮ್ಮ ಜಾಗ ನಿಮ್ಮದೇ ಎಂದು ಸಾಧಿಸಲು ಹೊರಡಿ ನೋಡೋಣ. ಮೊದಲು ಕ್ರಯಪತ್ರ ತೋರಿಸುತ್ತೀರಿ. ಅದು ಇಂಥವರು ಇಂಥವರಿಗೆ ಇಷ್ಟು ಹಣಕ್ಕೆ ಬರೆದುಕೊಟ್ಟರು ಎಂಬುದಕ್ಕೆ ಸಾಕ್ಷಿ. ಬರೆದುಕೊಟ್ಟವರಿಗೆ ಆ ಜಾಗ ಸೇರಿತ್ತೇ ಎಂಬುದನ್ನು ನೋಂದಣಿ ಕಚೇರಿ ಕೇಳುವುದಿಲ್ಲ. 1908ರ ನೋಂದಣಿ ಕಾಯ್ದೆ ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಮಾಲೀಕತ್ವವನ್ನಲ್ಲ. ಸರಿ, ಪಹಣಿ ತೋರಿಸುತ್ತೀರಿ. ಪಹಣಿ ಇರುವುದು ಕಂದಾಯಕ್ಕೆ. ಅದರಲ್ಲಿರುವುದು ನಿಜ ಎಂದು ಕರ್ನಾಟಕ ಭೂಕಂದಾಯ ಕಾಯ್ದೆ ಭಾವಿಸುತ್ತದೆ, ಸುಳ್ಳೆಂದು ಯಾರಾದರೂ ತೋರಿಸುವವರೆಗೆ. ಖಾತಾ ತೋರಿಸುತ್ತೀರಿ. ಅದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂಬ ಲೆಕ್ಕ ಮಾತ್ರ, ಹಕ್ಕುಪತ್ರವಲ್ಲ ಎಂದು ಕೋರ್ಟುಗಳು ಹೇಳಿ ಹೇಳಿ ಸುಸ್ತಾಗಿವೆ. ಇ.ಸಿ. ತೆಗೆಸುತ್ತೀರಿ. ಜಾಗದ ಮೇಲೆ ನೋಂದಣಿಯಾದ ವ್ಯವಹಾರಗಳೇನಿವೆ ಎಂದು ಅದು ಹೇಳುತ್ತದೆ. ನೋಂದಣಿಯಾಗದೆ ಅಡುಗೆಮನೆಯಲ್ಲಿ ಆದ ಪಾಲಿನ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಹೀಗೆ ನಾಲ್ಕು ಕಾಗದ, ನಾಲ್ಕೂ ಅಸಲಿ, ಮಾಲೀಕ ಯಾರು ಎಂದು ಕೇಳಿದರೆ ಒಂದು ಇನ್ನೊಂದರತ್ತ ಕೈ ತೋರಿಸುತ್ತದೆ.

ಈ ಸೇವೆಗಾಗಿ ಸರ್ಕಾರ ನಿಮ್ಮಿಂದ ಶೇ. 5ರಷ್ಟು ಮುದ್ರಾಂಕ ಶುಲ್ಕ ಪಡೆಯುತ್ತದೆ, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಇಷ್ಟು ಕೊಟ್ಟ ಮೇಲೆ ಜಾಗ ಬೇರೆಯವರದ್ದೆಂದು ತಿಳಿದುಬಂದರೆ ಸರ್ಕಾರದ ಜವಾಬ್ದಾರಿ ಏನು? ಏನೂ ಇಲ್ಲ. ಬೇಕಾದರೆ ದಾವೆ ಹೂಡಿ, ಅದಕ್ಕೂ ಕೋರ್ಟ್ ಶುಲ್ಕವಿದೆ.

ಆಸ್ಟ್ರೇಲಿಯಾದಲ್ಲಿ ಈ ವಿಚಾರದಲ್ಲಿ ಬಹಳ ದೊಡ್ಡ ಅನಾಹುತವಾಯಿತು. ಅಡಿಲೇಡಿನಲ್ಲಿ ಸುಂಕದ ಕಚೇರಿಯ ಮುಖ್ಯಸ್ಥನಾಗಿದ್ದ ರಾಬರ್ಟ್ ಟಾರೆನ್ಸ್ ಎಂಬವನು, ಹಡಗುಗಳ ಮಾಲೀಕತ್ವ ಒಂದು ರಿಜಿಸ್ಟರಿನಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಭೂಮಿಯದ್ದು ಯಾಕೆ ಮುಗಿಯಬಾರದು ಎಂದು ಯೋಚಿಸಿದ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಅವನ ಕಾನೂನನ್ನು ಒಪ್ಪಿತು. ಅಂದಿನಿಂದ ಅಲ್ಲಿ ರಿಜಿಸ್ಟರಿನಲ್ಲಿ ಹೆಸರಿದ್ದವನೇ ಮಾಲೀಕ, ಅದಕ್ಕೆ ಸರ್ಕಾರವೇ ಜಾಮೀನು. ಎಷ್ಟು ವಕೀಲರ ಅನ್ನ ಹೋಯಿತೋ! (ಆ ಭೂಮಿಯಲ್ಲಿ ಅದಕ್ಕೂ ಮುಂಚೆ ಸಾವಿರಾರು ವರ್ಷಗಳಿಂದ ಇದ್ದ ಮೂಲನಿವಾಸಿಗಳ ಹೆಸರು ಮಾತ್ರ ಯಾವ ರಿಜಿಸ್ಟರಿನಲ್ಲೂ ಬರಲಿಲ್ಲ. ಸ್ವಚ್ಛ ದಾಖಲೆಗೂ ತನ್ನದೇ ಆದ ಕೊಳಕು ಇರುತ್ತದೆ.)

ನಮ್ಮಲ್ಲಿ ಅಂಥ ಅನಾಹುತಕ್ಕೆ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂತು. ಗ್ರಾಮ ಲೆಕ್ಕಾಧಿಕಾರಿಯ ಕೈಚೀಲದಲ್ಲಿ ಊರೂರು ತಿರುಗುತ್ತಿದ್ದ ಪಹಣಿ ಕಂಪ್ಯೂಟರಿಗೆ ಹೋಯಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು. ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ. ದೇಶವಿದೇಶದವರು ಬಂದು ನೋಡಿ ಬೆನ್ನು ತಟ್ಟಿದರು. ತಟ್ಟಬೇಕಾದ ಕೆಲಸವೇ. ಆದರೆ ಕಂಪ್ಯೂಟರಿಗೆ ಒಂದು ದೌರ್ಬಲ್ಯವಿದೆ, ನೀವು ಕೊಟ್ಟದ್ದನ್ನು ಅದು ಹಾಗೇ ನಂಬುತ್ತದೆ. ಕೈಬರಹದಲ್ಲಿದ್ದ ತಪ್ಪುಗಳೆಲ್ಲ ಈಗ ಅಚ್ಚುಕಟ್ಟಾಗಿ ಮುದ್ರಣವಾಗಿ ಬರತೊಡಗಿದವು. ಎರಡು ಎಕರೆ ಮೂವತ್ತು ಗುಂಟೆ ಎಂಬುದು ಮೂರು ಗುಂಟೆಯಾಯಿತು, ಹೆಸರಿನ ಮುಂದಿನ ಇನಿಷಿಯಲ್ ಬದಲಾಗಿ ಜಮೀನು ದಾಯಾದಿಗೆ ಹೋಯಿತು. ಒಂದು ಸೊನ್ನೆಯ ತಿದ್ದುಪಡಿಗೆ ರೈತ ತಹಶೀಲ್ದಾರರ ಬಳಿ ಅರ್ಜಿ ಹಾಕಿ, ಅಲ್ಲಿಂದ ಎ.ಸಿ. ಕೋರ್ಟಿಗೆ ಹೋಗಿ, ಮೇಲ್ಮನವಿಯಲ್ಲಿ ಡಿ.ಸಿ. ಕೋರ್ಟಿಗೆ ಹೋದ. ತಪ್ಪು ಮಾಡಲು ಒಂದು ಕ್ಷಣ ಸಾಕಾಗಿತ್ತು, ತಿದ್ದಲು ಒಂದು ತಲೆಮಾರು. ಉದ್ಯೋಗ ಸೃಷ್ಟಿ ಎಂದರೆ ಇದೇ ಅಲ್ಲವೇ?

ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ. ಅಲ್ಲಿ ಹೆಸರಿರುವವರಲ್ಲಿ ಲಕ್ಷಗಟ್ಟಲೆ ಮಂದಿ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಪೌತಿ ಖಾತೆ ಮಾಡಿಸಬೇಕೆಂದರೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣತಮ್ಮಂದಿರೆಲ್ಲ ಒಂದೇ ದಿನ ಒಂದೇ ಕಡೆ ಬಂದು ಸಹಿ ಹಾಕಬೇಕು. ಅದಕ್ಕಿಂತ ತಾತನ ಹೆಸರಲ್ಲೇ ಇರಲಿ ಬಿಡು ಎನ್ನುತ್ತಾರೆ. ತಾತ ಒಳ್ಳೆಯ ಮಾಲೀಕ. ಸಾಲ ಕೇಳುವುದಿಲ್ಲ, ಮಾರುವುದಿಲ್ಲ, ಬೆಳೆ ವಿಮೆಗೆ ಅರ್ಜಿ ಹಾಕುವುದಿಲ್ಲ. ಮೊಮ್ಮಗನಿಗೆ ಬೆಳೆ ಸಾಲ ಸಿಗದೆ ಅವನು ಬಡ್ಡಿಯವನ ಹತ್ತಿರ ಹೋಗುತ್ತಾನೆ ಅಷ್ಟೇ. ಅದೂ ಒಂದು ಉದ್ಯಮ.

ಪೋಡಿಯ ಕತೆ ಇನ್ನೂ ಸೊಗಸು. ಒಂದು ಸರ್ವೆ ನಂಬರಿನಲ್ಲಿ ಹತ್ತು ಜನರಿಗೆ ದರಖಾಸ್ತು ಜಮೀನು ಮಂಜೂರಾಗಿರುತ್ತದೆ. ಯಾರದು ಎಲ್ಲಿಂದ ಎಲ್ಲಿಗೆ ಎಂದು ಅಳೆದು, ನಕ್ಷೆ ಬರೆದು, ಬೇರೆ ಬೇರೆ ಹಿಸ್ಸಾ ನಂಬರು ಕೊಟ್ಟಿರುವುದಿಲ್ಲ. ಮಂಜೂರಾದ ಎಕರೆಗಳನ್ನು ಕೂಡಿದರೆ ಕೆಲವು ಕಡೆ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣಕ್ಕಿಂತ ಜಾಸ್ತಿಯಾಗುತ್ತದೆ. ಭೂಮಿ ಹಿಗ್ಗುವುದಿಲ್ಲ ಎಂದು ಹೇಳುವ ಅರ್ಥಶಾಸ್ತ್ರಜ್ಞರು ನಮ್ಮ ಆಕಾರ್‌ಬಂದ್ ನೋಡಿಲ್ಲ. ಸರ್ವೆಯರು ಬಂದಾಗ ನಡೆಯುವ ಮಾತು ಕೋಲಾರದಿಂದ ಬೀದರಿನವರೆಗೆ ಹೆಚ್ಚುಕಮ್ಮಿ ಒಂದೇ.

“ಸ್ವಾಮಿ, ಬಾಂದು ಕಲ್ಲು ಆ ಹುಣಸೆಮರದ ಬುಡದಾಗಿತ್ತು, ನಮ್ಮಪ್ಪ ತೋರ್ಸಿದ್ರು.”

“ಮರ ಎಲ್ಲಯ್ಯ?”

“ಕಡಿದಾಗ್ಲೇ ಇಪ್ಪತ್ತು ವರ್ಸ ಆಯ್ತು ಸ್ವಾಮಿ.”

“ಹಂಗಾದ್ರೆ ಕಲ್ಲು?”

“ಪಕ್ಕದ್ ಹೊಲದೋರು ದನದ ಕೊಟ್ಟಿಗೆಗೆ ಹಾಕ್ಕೊಂಡವ್ರೆ.”

ಇಲ್ಲಿಗೆ ಅಳತೆ ಮುಗಿಯಿತು, ವ್ಯಾಜ್ಯ ಶುರುವಾಯಿತು. ಈ ಒಂದು ಕಲ್ಲಿನಿಂದ ಎಷ್ಟು ಕುಟುಂಬಗಳು ಊಟ ಮಾಡುತ್ತವೆ ಲೆಕ್ಕ ಹಾಕಿ: ಅರ್ಜಿ ಬರೆಯುವವರು, ನೋಟರಿ, ಝೆರಾಕ್ಸ್ ಅಂಗಡಿ, ಕಚೇರಿಯ ಎದುರಿನ ಟೀ ಅಂಗಡಿ, ಹಳೇ ಟಿಪ್ಪಣಿ ಹುಡುಕಿಕೊಡುವ ರೆಕಾರ್ಡ್ ರೂಮಿನವರು, ಲೀಗಲ್ ಒಪಿನಿಯನ್ ಕೊಡುವವರು, ಆ ಒಪಿನಿಯನ್ ಸರಿಯಿಲ್ಲ ಎಂದು ಇನ್ನೊಂದು ಕೊಡುವವರು, ಅಣ್ಣನ ವಕೀಲರು, ತಮ್ಮನ ವಕೀಲರು, ಕೊನೆಗೆ ಊರಲ್ಲಿ ನ್ಯಾಯ ಮಾಡುವ ಪಂಚಾಯ್ತಿ ದೊಡ್ಡವರು. ಯಾವ ಸಾಫ್ಟ್‌ವೇರ್ ಕಂಪನಿ ಹೋಬಳಿ ಮಟ್ಟದಲ್ಲಿ ಇಷ್ಟು ಕೆಲಸ ಕೊಟ್ಟಿದೆ?

ಈಗ ನಗರಕ್ಕೆ ಬನ್ನಿ. ಇಂಗ್ಲೆಂಡಿನ ಜಾನ್ ಲಾಕ್ 17ನೇ ಶತಮಾನದಲ್ಲಿ ಹೇಳಿದ್ದೇನೆಂದರೆ, ಯಾರದ್ದೂ ಅಲ್ಲದ ನೆಲಕ್ಕೆ ಮನುಷ್ಯ ತನ್ನ ದುಡಿಮೆಯನ್ನು ಬೆರೆಸಿದರೆ ಅದು ಅವನದಾಗುತ್ತದೆ, ಆದರೆ ಉಳಿದವರಿಗೂ ಸಾಕಷ್ಟು ಬಿಟ್ಟಿರಬೇಕು. ನಾವು ಈ ಸಿದ್ಧಾಂತದ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟಿದ್ದೇವೆ, ಜೊತೆಗೆ ದುಡಿಮೆಯ ಜಾಗಕ್ಕೆ ಸಿಮೆಂಟು ಹಾಕಿದ್ದೇವೆ. ರಾಜಕಾಲುವೆಗೆ ನಾಲ್ಕು ಚಪ್ಪಡಿ ಬೆರೆಸಿದರೆ ಅಂಗಡಿಯಾಗುತ್ತದೆ. ಗೋಮಾಳಕ್ಕೆ ಒಂದು ಶೀಟಿನ ಶೆಡ್ಡು ಬೆರೆಸಿದರೆ ಬಡಾವಣೆಯ ಬೀಜ ಬಿತ್ತಿದ ಹಾಗೆ. ಇನ್ನೂ ಗಟ್ಟಿ ಹಕ್ಕು ಬೇಕೆಂದರೆ ಒಂದು ಕಲ್ಲಿಗೆ ಅರಿಶಿನ-ಕುಂಕುಮ ಬೆರೆಸಿ. ರಸ್ತೆ, ಉದ್ಯಾನಗಳಲ್ಲಿ ಹೊಸದಾಗಿ ಪೂಜಾಸ್ಥಳ ಏಳಕೂಡದು ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ದೇವರಿಗೆ ಆ ಆದೇಶದ ಪ್ರತಿ ತಲುಪಿಲ್ಲ.

ಸರ್ಕಾರವೇ ಈ ವಿದ್ಯೆಯ ಮೊದಲ ಗುರು ಎಂಬುದನ್ನು ಮರೆಯಬಾರದು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಮಕ್ಕಳು ದೊಡ್ಡವರನ್ನು ನೋಡಿಯೇ ಕಲಿಯುವುದು. ಆ ಮಕ್ಕಳು ಎಷ್ಟು ಚೆನ್ನಾಗಿ ಕಲಿತರೆಂದರೆ ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ಜಮೀನು ಹುಡುಕಲು ಹೊರಟು ವರದಿಯ ಮೇಲೆ ವರದಿ ಬರೆಯಬೇಕಾಯಿತು. ಆಮೇಲೆ ವಿ. ಬಾಲಸುಬ್ರಮಣಿಯನ್ 2011ರಲ್ಲಿ ಕೊಟ್ಟ ವರದಿಯ ಹೆಸರಿನಲ್ಲೇ ದುರಾಸೆ, ಶಾಮೀಲು ಎಂಬ ಪದಗಳಿದ್ದವು. ಸರ್ಕಾರಿ ವರದಿಗೆ ಇಷ್ಟು ಒಳ್ಳೆಯ ಹೆಸರು ಅಪರೂಪ. ಓದಿದವರು ಇನ್ನೂ ಅಪರೂಪ.

ಸೈಟು ಕೊಳ್ಳಲು ಹೋದವರಿಗೆ ಬ್ರೋಕರ್ ಹೇಳುವ ಮಾತನ್ನು ಕೇಳಿದ್ದೀರಲ್ಲ. “ಸಾರ್, ಡಾಕ್ಯುಮೆಂಟ್ಸ್ ಎಲ್ಲಾ ಪಕ್ಕಾ. ರೆವಿನ್ಯೂ ಸೈಟು, ಬಿ-ಖಾತಾ. ಮುಂದೆ ಎ ಆಗುತ್ತೆ. ಅರ್ಧ ಜಾಗ ಬಿ-ಖರಾಬಲ್ಲಿದೆ, ಅದೇನೂ ತೊಂದ್ರೆ ಇಲ್ಲ, ಪಕ್ಕದ ಸೈಟೂ ಹಂಗೇ ಇದೆ, ಅದು ಎಮ್ಮೆಲ್ಲೆಯವರದ್ದು. ಸಣ್ಣದೊಂದು ಕೇಸಿದೆ, ನಮ್ಮ ಕಡೆಯೇ ಆಗುತ್ತೆ. ಬೇಗ ಅಡ್ವಾನ್ಸ್ ಕೊಡಿ, ನಾಳೆ ಬೇರೆ ಪಾರ್ಟಿ ಬರ್ತಾ ಇದೆ.” ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ, ಬೇರೆ ಪಾರ್ಟಿಯದ್ದೊಂದನ್ನು ಬಿಟ್ಟು. ಜಿಪಿಎ ಮೇಲೆ ಮಾರಿದರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಹೇಳಿದ ಮೇಲೂ ಜನ ಜಿಪಿಎ ಮೇಲೆ ಕೊಂಡರು. ಕೋರ್ಟಿನ ತೀರ್ಪಿಗಿಂತ ಪಕ್ಕದ ಸೈಟು ಎಮ್ಮೆಲ್ಲೆಯವರದ್ದು ಎಂಬ ಮಾತು ಹೆಚ್ಚು ಧೈರ್ಯ ಕೊಡುತ್ತದೆ.

ಹಾಗೆ ಕೊಂಡವನು ಮೂರ್ಖನೇ? ಖಂಡಿತ ಅಲ್ಲ. ಅವನಷ್ಟು ದೂರದೃಷ್ಟಿ ಯಾರಿಗೂ ಇಲ್ಲ. ಅವನಿಗೆ ಗೊತ್ತು, ಈ ರಾಜ್ಯದಲ್ಲಿ ಅಕ್ರಮ ಎಂಬುದು ಸಕ್ರಮದ ಎಳೆಯ ವಯಸ್ಸು. 2014ರ ಅಕ್ರಮ-ಸಕ್ರಮ ನಿಯಮಗಳ ಪ್ರಕಾರ ವಾಸದ ಮನೆಯಾದರೆ ಶೇ. 50ರವರೆಗೆ, ವಾಣಿಜ್ಯ ಕಟ್ಟಡವಾದರೆ ಶೇ. 25ರವರೆಗೆ ನಿಯಮ ಮುರಿದಿದ್ದರೂ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದಿತ್ತು. ಅರ್ಧ ತಪ್ಪು ಮಾಡಿದವನು ಪಾಸು. ಹೈಕೋರ್ಟ್ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸರ್ಕಾರ ಎದೆಗುಂದಲಿಲ್ಲ. 2025ರ ಕೊನೆಗೆ ಇನ್ನೊಂದು ಬಾಗಿಲು ತೆರೆಯಿತು, ಮಾರ್ಗಸೂಚಿ ದರದ ಶೇ. 5 ಕಟ್ಟಿ ಬಿ-ಖಾತಾವನ್ನು ಎ ಮಾಡಿಸಿಕೊಳ್ಳಿ ಎಂದು. ಹಳ್ಳಿಯಲ್ಲೂ ಹಾಗೇ. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉಳುತ್ತಿದ್ದವರಿಗೆ ಬಗರ್ ಹುಕುಂನಲ್ಲಿ ಮೊದಲು ನಮೂನೆ 50 ಬಂತು, ಆಮೇಲೆ 53, ಆಮೇಲೆ 57. ನಿಜವಾದ ಭೂಹೀನರು ಇನ್ನೂ 50ರ ಅರ್ಜಿಯ ಹಿಂಬರಹ ಹಿಡಿದು ಓಡಾಡುತ್ತಿದ್ದರೆ, ಇತರರು 57ರಲ್ಲಿ ಕಾಫಿ ತೋಟ ಮಾಡಿಕೊಂಡರು.

ಇಷ್ಟರ ನಡುವೆ ಒಬ್ಬನಿದ್ದಾನೆ. ಪ್ರಾಧಿಕಾರದ ಬಡಾವಣೆಗೇ ಅರ್ಜಿ ಹಾಕಿ, ಸರದಿಯಲ್ಲಿ ನಿಂತು, ನಕ್ಷೆ ಮಂಜೂರು ಮಾಡಿಸಿ, ಸುತ್ತಲೂ ಜಾಗ ಬಿಟ್ಟು, ಎರಡೇ ಅಂತಸ್ತು ಕಟ್ಟಿದವನು. ಅವನ ಮನೆಗೆ ಬಿಸಿಲು ಬರುತ್ತಿಲ್ಲ. ಪಕ್ಕದವನು ಐದು ಅಂತಸ್ತು ಕಟ್ಟಿದ್ದಾನೆ, ಅವನದು ಸಕ್ರಮದ ಹಾದಿಯಲ್ಲಿದೆ. ಆಸ್ತಿ ಹಕ್ಕು ಎಂದರೆ ನೆರೆಯವನ ಗೋಡೆ ಎಲ್ಲಿ ನಿಲ್ಲಬೇಕು ಎಂಬ ವಿಚಾರವೂ ಹೌದು ಎಂದು ಅವನು ಎಲ್ಲೋ ಓದಿದ್ದನಂತೆ. ಓದಿದವರ ಕಷ್ಟವೇ ಇದು.

ಸಂವಿಧಾನವನ್ನು ಕೇಳೋಣವೇ? 1950ರಲ್ಲಿ ಆಸ್ತಿ ಮೂಲಭೂತ ಹಕ್ಕಾಗಿತ್ತು, 19(1)(ಎಫ್) ಮತ್ತು 31ನೇ ವಿಧಿಗಳಲ್ಲಿ. ಮರುವರ್ಷವೇ ಮೊದಲ ತಿದ್ದುಪಡಿ ಬಂದು ಒಂಬತ್ತನೇ ಷೆಡ್ಯೂಲು ಹುಟ್ಟಿತು. ಜಮೀನ್ದಾರಿ ರದ್ದತಿಯಂಥ 13 ಕಾನೂನುಗಳನ್ನು ಕೋರ್ಟಿನ ಕಣ್ಣಿಗೆ ಬೀಳದಂತೆ ಇಡುವ ಅಟ್ಟ ಅದು. ಇಟ್ಟದ್ದು ಒಳ್ಳೆಯ ಉದ್ದೇಶಕ್ಕೇ. ಆದರೆ ಅಟ್ಟ ಸಿಕ್ಕಿತೆಂದರೆ ಯಾರು ಸುಮ್ಮನಿರುತ್ತಾರೆ? ಈಗ ಅಲ್ಲಿ 284 ಕಾನೂನುಗಳಿವೆ. ಕೊನೆಗೆ 1978ರಲ್ಲಿ 44ನೇ ತಿದ್ದುಪಡಿ ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಆಸ್ತಿಯನ್ನು ತೆಗೆದುಹಾಕಿತು. ತೆಗೆದವರು ತುರ್ತು ಪರಿಸ್ಥಿತಿಯಲ್ಲಿ ಹಕ್ಕುಗಳು ಹೋದವೆಂದು ಜೈಲಿಗೆ ಹೋಗಿ ಬಂದವರು. ಆಸ್ತಿಗೆ 300ಎ ಎಂಬ ಹೊಸ ವಿಧಿಯಲ್ಲಿ ಜಾಗ ಕೊಟ್ಟರು, ಸರ್ಕಾರದ ಹಣಕಾಸು, ಗುತ್ತಿಗೆ, ದಾವೆಗಳ ವಿಚಾರವಿರುವ ಹನ್ನೆರಡನೇ ಭಾಗದ ತುದಿಯಲ್ಲಿ. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುತ್ತದೆ ಅದು. ಕಾನೂನು ಮಾಡುವವರು ಯಾರು ಎಂದು ಕೇಳಬೇಡಿ.

ಅದೇ 1978ರಲ್ಲಿ, ಚೀನಾದ ಅನ್ಹುಯಿ ಪ್ರಾಂತ್ಯದ ಷಿಯಾವ್‌ಗಾಂಗ್ ಎಂಬ ಬಡ ಹಳ್ಳಿಯಲ್ಲಿ 18 ರೈತರು ರಾತ್ರಿ ಗುಟ್ಟಾಗಿ ಸೇರಿದರು. ಕಮ್ಯೂನಿನ ಜಮೀನನ್ನು ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಮಿಕ್ಕದ್ದು ಬೆಳೆದವನದ್ದು, ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಉಳಿದವರು ಸಾಕಬೇಕು ಎಂದು ಒಪ್ಪಂದ ಬರೆದು ಹೆಬ್ಬೆಟ್ಟು ಒತ್ತಿದರು. ಮುಂದಿನ ಸುಗ್ಗಿಯಲ್ಲಿ ಬೆಳೆ ಉಕ್ಕಿತು. ಪಕ್ಷ ಅದನ್ನು ನೋಡಿ, ಶಿಕ್ಷಿಸುವ ಬದಲು ದೇಶಕ್ಕೆಲ್ಲ ಅನ್ವಯಿಸಿತು. ಭೂಮಿ ಇವತ್ತಿಗೂ ಅವರದಲ್ಲ, ಬೆಳೆ ಅವರದು. ಬರೀ ಅಷ್ಟಕ್ಕೇ ಆ ದೇಶ ಎದ್ದು ಕೂತಿತು. ನಮ್ಮಲ್ಲಿ ಆ ಹದಿನೆಂಟು ಹೆಬ್ಬೆಟ್ಟುಗಳಿಗೆ ಮೊದಲು ಛಾಪಾ ಕಾಗದ ಕೇಳುತ್ತಿದ್ದರು.

ಹಿಮಾಚಲ ಪ್ರದೇಶದ ಹಮೀರ್‌ಪುರ ಜಿಲ್ಲೆಯ ಓದುಬರಹ ಬಾರದ ಒಬ್ಬ ವಿಧವೆಯ ಜಮೀನನ್ನು ಅಲ್ಲಿನ ಸರ್ಕಾರ 1967-68ರಲ್ಲಿ ರಸ್ತೆಗೆಂದು ತೆಗೆದುಕೊಂಡಿತು. ನೋಟಿಸಿಲ್ಲ, ಪರಿಹಾರವಿಲ್ಲ. ಅಂದರೆ ಆಸ್ತಿ ಇನ್ನೂ ಮೂಲಭೂತ ಹಕ್ಕಾಗಿದ್ದ ಕಾಲದಲ್ಲೇ. ಆಕೆ ಕೋರ್ಟಿಗೆ ಹೋದಾಗ ಸರ್ಕಾರ ಕೊಟ್ಟ ಉತ್ತರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು: ನಾವು ಇಷ್ಟು ವರ್ಷದಿಂದ ಸ್ವಾಧೀನದಲ್ಲಿದ್ದೇವೆ, ಆದ್ದರಿಂದ ಪ್ರತಿಕೂಲ ಸ್ವಾಧೀನದ ಮೇಲೆ ಜಾಗ ನಮ್ಮದೇ! ಸಾಮಾನ್ಯ ಒತ್ತುವರಿದಾರ ಹೇಳುವ ಮಾತನ್ನು ರಾಜ್ಯ ಸರ್ಕಾರವೇ ಹೇಳಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಲು ಹೇಳಿತು, ಆಸ್ತಿಯ ಹಕ್ಕು ಮಾನವ ಹಕ್ಕು ಎಂದಿತು. ಆಗ ಆಕೆಗೆ ಎಂಬತ್ತರ ಆಸುಪಾಸು.

ಖಾಸಗಿ ಆಸ್ತಿಯೆಲ್ಲ ಸಮುದಾಯದ ಸಂಪನ್ಮೂಲವೇ ಎಂಬ ಇನ್ನೊಂದು ಪ್ರಶ್ನೆ ಮುಂಬೈನ ಹಳೇ ಕಟ್ಟಡಗಳ ನೆಪದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಒಂಬತ್ತು ನ್ಯಾಯಮೂರ್ತಿಗಳು ಕೂತು 2024ರ ನವೆಂಬರ್ 5ರಂದು, ಎಲ್ಲವೂ ಅಲ್ಲ ಎಂದು ಬಹುಮತದಿಂದ ಹೇಳಿದರು. ಮೂವತ್ತೆರಡು ವರ್ಷ. ಸಮುದಾಯದ ಸಂಪನ್ಮೂಲವೆಲ್ಲ ಖಾಸಗಿಯಾಗಬಲ್ಲದೇ ಎಂಬ ತಿರುಗುಮುರುಗಿನ ಪ್ರಶ್ನೆಗೆ ನಮ್ಮ ಬೆಂಗಳೂರು ಮೂವತ್ತೆರಡು ನಿಮಿಷವನ್ನೂ ತೆಗೆದುಕೊಂಡಿರಲಿಲ್ಲ.

ಈಗ ಸ್ವಲ್ಪ ಅಳುಕಿನಿಂದ ಒಂದು ವಿಷಯ ಹೇಳಬೇಕು. ಖಾಸಗಿ ಆಸ್ತಿ ಶ್ರೀಮಂತರ ಚಟ, ಬಡವರಿಗೆ ಅದರ ಗೊಡವೆಯಿಲ್ಲ ಎಂದು ನಂಬಿರುವ ಗೆಳೆಯರಿದ್ದಾರೆ. ಅವರು 1951ರ ಕಾಗೋಡಿಗೆ ಹೋಗಿ ಬರಲಿ. ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು, ಹೆಚ್ಚಿನವರು ದೀವರು, ಗೇಣಿ ಅಳೆಯುವ ಕೊಳಗ ದೊಡ್ಡದಾಯಿತೆಂದು ಎದ್ದು ನಿಂತರು. ಗದ್ದೆಯಿಂದ ಒಕ್ಕಲೆಬ್ಬಿಸಿದಾಗ ಅದೇ ಗದ್ದೆಗೆ ನುಗ್ಗಿ ಉತ್ತು ಜೈಲಿಗೆ ಹೋದರು. ಅವರ ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಕೂಡ ಬಂಧನಕ್ಕೊಳಗಾದರು. ಸಮಾಜವಾದಿಗಳ ಹೋರಾಟ ಎಂದು ಇತಿಹಾಸ ಬರೆಯಿತು, ಸರಿ. ಆದರೆ ಆ ಗೇಣಿದಾರರಿಗೆ ಬೇಕಾಗಿದ್ದದ್ದು ಆಸ್ತಿಯ ನಿರ್ಮೂಲನೆಯಲ್ಲ, ಪಹಣಿಯಲ್ಲಿ ತಮ್ಮ ಹೆಸರು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ ಒಡೆಯ ಎಂಬುದು ಹೋಗಿಲ್ಲ, ಯಾರು ಒಡೆಯ ಎಂಬುದು ಬದಲಾಗಿದೆ. ದೇವರಾಜ ಅರಸರ ಕಾಲದ ತಿದ್ದುಪಡಿಯಂತೆ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ನಮೂನೆ 7 ಹಾಕಿದ ಗೇಣಿದಾರನಿಗೆ ಬಂತು. ಭೂನ್ಯಾಯ ಮಂಡಳಿಗಳಲ್ಲಿ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ರಾಜ್ಯದ ಇತಿಹಾಸದಲ್ಲಿ ಅಷ್ಟು ಜನಕ್ಕೆ ಅಷ್ಟು ಬೇಗ ಜಮೀನು ಸಿಕ್ಕಿದ್ದಕ್ಕೂ ಈ ಸಂಗತಿಗೂ ಏನಾದರೂ ಸಂಬಂಧವಿದೆಯೇ ಎಂದು ಯಾರೂ ಸಂಶೋಧನೆ ಮಾಡದಿರುವುದು ಗೊಂದಲ ಕೈಗಾರಿಕೆಯ ಪುಣ್ಯ.

ಅದೇ ಮಲೆನಾಡು, ಕರಾವಳಿಯಲ್ಲಿ ಆಗ ಭೂಮಿ ಕಳೆದುಕೊಂಡವರು ಆಸ್ತಿ ಹಕ್ಕು ಪವಿತ್ರ ಎಂದು ಕೂಗಿದರು. ಅದರಲ್ಲಿ ಬಡ ವಿಧವೆಯರೂ ಇದ್ದರು, ಅವರ ಕೂಗು ಸುಳ್ಳಲ್ಲ. ಆದರೆ ದೊಡ್ಡ ಗಂಟಲಿನ ಪವಿತ್ರವಾದಿಗಳು ದೇವನಹಳ್ಳಿಯಲ್ಲಿ ಯಾಕೆ ಕಾಣಲಿಲ್ಲ? ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಬೇಕೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಗುರುತು ಹಾಕಿತು. 2013ರ ಕೇಂದ್ರ ಕಾನೂನಿನಲ್ಲಿ ಖಾಸಗಿ ಕಂಪನಿಗೆ ಭೂಮಿ ಬೇಕಾದರೆ ಶೇ. 80ರಷ್ಟು ಬಾಧಿತರ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನವಾಗಬೇಕು. ನಮ್ಮ ಮಂಡಳಿಯದು 1966ರ ರಾಜ್ಯ ಕಾನೂನು, ಅಲ್ಲಿ ಆ ರಗಳೆಯಿಲ್ಲ. ರಾಗಿ, ದ್ರಾಕ್ಷಿ, ರೇಷ್ಮೆ ಬೆಳೆಯುವವನ ಎರಡು ಎಕರೆ ಅಭಿವೃದ್ಧಿಗೆ ಅಡ್ಡಿ. ಅದೇ ಎರಡು ಎಕರೆ ಕಂಪನಿಯ ಕೈಗೆ ಹೋದ ಕ್ಷಣ ಹೂಡಿಕೆದಾರನ ಆಸ್ತಿ, ಅದನ್ನು ಮುಟ್ಟಿದರೆ ರಾಜ್ಯದ ಹೆಸರು ಕೆಡುತ್ತದೆ. ಆಸ್ತಿಯ ಹಕ್ಕು ಪವಿತ್ರವಾಗುವುದು ಎಷ್ಟನೇ ಎಕರೆಯಿಂದ ಎಂದು ಯಾರಾದರೂ ಒಂದು ಸುತ್ತೋಲೆ ಹೊರಡಿಸಿದರೆ ಅನುಕೂಲ.

ರೈತರು 2022ರ ಏಪ್ರಿಲಿನಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಎಂದರು, ಇಷ್ಟಪಟ್ಟು ಕೊಡುವವರಿದ್ದರೆ ಕೊಡಬಹುದು ಎಂದರು. ಇಷ್ಟಪಟ್ಟವರು ಮಾರುವುದು, ಇಷ್ಟವಿಲ್ಲದವರು ಇಟ್ಟುಕೊಳ್ಳುವುದು. ಖಾಸಗಿ ಆಸ್ತಿ ಎಂದರೆ ಪಠ್ಯಪುಸ್ತಕದಲ್ಲಿ ಇಷ್ಟೇ ಇರುವುದು. ಅದನ್ನು ಸರ್ಕಾರಕ್ಕೆ ಪಾಠ ಮಾಡಿದವರು ಅರ್ಥಶಾಸ್ತ್ರಜ್ಞರಲ್ಲ, ಹಸಿರು ಶಾಲಿನವರು.

ಇನ್ನು ಅಧಿಸೂಚನೆಯಲ್ಲೇ ನೇತಾಡುವವರ ಪಾಡು. ಬೆಂಗಳೂರಿನ ಉತ್ತರಕ್ಕೆ 17 ಹಳ್ಳಿಗಳ 3,546 ಎಕರೆಯಲ್ಲಿ ಬಡಾವಣೆಯೆಂದು 2008ರ ಡಿಸೆಂಬರಿನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು. ನಡುವೆ ಯೋಜನೆ ಸತ್ತಿತು ಎಂದರು, ಜನ ಮನೆ ಕಟ್ಟಿದರು, 2018ರಲ್ಲಿ ಸುಪ್ರೀಂ ಕೋರ್ಟ್ ಯೋಜನೆಗೆ ಮತ್ತೆ ಜೀವ ಕೊಟ್ಟಿತು. ಆ ಬಡಾವಣೆಗೆ ಇಟ್ಟ ಹೆಸರು ಡಾ. ಕೆ. ಶಿವರಾಮ ಕಾರಂತ. ಕೈಗಾ ಅಣುಸ್ಥಾವರ ಬೇಡವೆಂದು ಇಳಿವಯಸ್ಸಿನಲ್ಲಿ 1989ರ ಚುನಾವಣೆಗೆ ನಿಂತವರ ಹೆಸರು. ನಮ್ಮವರು ಸಾಹಿತಿಗಳನ್ನು ಓದದಿದ್ದರೂ ಸೈಟಿನ ಅಳತೆಯಲ್ಲಿ ಗೌರವಿಸುತ್ತಾರೆ, 30×40.

ಮನೆಯೊಳಗಿನ ಭೂಸ್ವಾಧೀನಕ್ಕೆ ಅಧಿಸೂಚನೆಯೂ ಬೇಡ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶ 2005ರಲ್ಲಿ ಮಾಡಿತು, ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅಣ್ಣಂದಿರು ಈ ಮೂರನ್ನೂ ಗೌರವದಿಂದ ಓದಿದ್ದಾರೆ. ಆದ್ದರಿಂದಲೇ ಗೌರಿ ಹಬ್ಬಕ್ಕೆ ತಂಗಿಯನ್ನು ಕಾರಿನಲ್ಲಿ ಕರೆತರುತ್ತಾರೆ. ಸೀರೆ, ಬಳೆ, ಬಾಗಿನ, ಒಬ್ಬಟ್ಟಿನ ಊಟ. ಊಟವಾದ ಮೇಲೆ ಅಣ್ಣ ಹೇಳುತ್ತಾನೆ: “ಏನಿಲ್ಲ ಕಣಮ್ಮ, ಬ್ಯಾಂಕಿನೋರು ಕೇಳ್ತಾವ್ರೆ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಒಂದ್ ಗಳಿಗೆ ಬಂದು ಹೋಗು. ನಿಂಗೂ ತವರು ಅಂತ ಒಂದು ಇರಬೇಕಲ್ಲ?” ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೀಳುತ್ತದೆ. ಪ್ರತಿಫಲದ ಜಾಗದಲ್ಲಿ ಅರಿಶಿನ-ಕುಂಕುಮದ ಬಾಬ್ತು ಎಂದು ಒಂದು ಮೊತ್ತ. ಏರೋಸ್ಪೇಸ್ ಪಾರ್ಕಿಗೆ ಇಷ್ಟು ಕಡಿಮೆ ದರದಲ್ಲಿ ಇಷ್ಟು ಸುಲಭವಾಗಿ ಭೂಮಿ ಸಿಗುತ್ತಿದ್ದರೆ ಮಂಡಳಿಯೇ ಬಾಗಿನ ಕೊಡಲು ಶುರು ಮಾಡುತ್ತಿತ್ತು. ಸಹಿ ಹಾಕದ ತಂಗಿಗೆ ಕೋರ್ಟಿನಲ್ಲಿ ಪಾಲು ಸಿಗುತ್ತದೆ, ಮದುವೆಯ ಆಮಂತ್ರಣ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಭಯವೊಂದು ಉಳಿದೇ ಇತ್ತು. ನೀತಿ ಆಯೋಗ 2020ರಲ್ಲಿ ಒಂದು ಮಾದರಿ ಕಾನೂನು ಹೊರತಂದು, ಟಾರೆನ್ಸನ ದಾರಿಯಲ್ಲಿ ರಾಜ್ಯ ಸರ್ಕಾರಗಳೇ ಮಾಲೀಕತ್ವಕ್ಕೆ ಖಾತರಿ ಕೊಡಬೇಕು ಎಂದಿತು. ರಿಜಿಸ್ಟರಿನಲ್ಲಿ ಹೆಸರು ಬಂದು ಮೂರು ವರ್ಷ ಯಾರೂ ತಕರಾರು ಮಾಡದಿದ್ದರೆ ಅದೇ ಅಂತಿಮ. ಓದುತ್ತಿದ್ದಂತೆ ನೋಟರಿಗಳ, ಬ್ರೋಕರುಗಳ ಹೆಂಡತಿಮಕ್ಕಳು ಕಣ್ಣ ಮುಂದೆ ಬಂದರು. ಪುಣ್ಯಕ್ಕೆ ಕರಡನ್ನು ಪೂರ್ತಿ ಓದಿದಾಗ ಸಮಾಧಾನವಾಯಿತು. ಅದರಲ್ಲಿ ಹಕ್ಕು ನೋಂದಣಿಗೆ ಒಂದು ಪ್ರಾಧಿಕಾರವಿದೆ, ತಕರಾರು ಬಗೆಹರಿಸಲು ಬೇರೆ ಅಧಿಕಾರಿಯಿದ್ದಾರೆ, ಆ ಅಧಿಕಾರಿಯ ಆದೇಶದ ಮೇಲೆ ಮೇಲ್ಮನವಿಗೆ ಒಂದು ನ್ಯಾಯಮಂಡಳಿಯಿದೆ. ಅದಾದ ಮೇಲೆ ಹೈಕೋರ್ಟು ಇದ್ದೇ ಇದೆ. ಅಂದರೆ ಈಗಿರುವ ಕಚೇರಿಗಳ ಜೊತೆಗೆ ಇನ್ನೂ ಮೂರು. ನಮ್ಮ ರಾಜ್ಯ ಇದನ್ನು ತಡಮಾಡದೆ ಜಾರಿಗೆ ತರಬೇಕು. ಮೂರೂ ಕಚೇರಿಗಳ ಕಟ್ಟಡಕ್ಕೆ ಜಾಗ ಬೇಕಾಗುತ್ತದೆ, ಪ್ರತಿ ತಾಲ್ಲೂಕಿನಲ್ಲೂ ಒಂದೊಂದು ಗೋಮಾಳ ನೋಡಿದರಾಯಿತು. ಪೋಡಿ ಆಗಿರುವುದಿಲ್ಲ. ಕಟ್ಟಿದ ಮೇಲೆ ಸಕ್ರಮ ಮಾಡಿಸಿಕೊಳ್ಳಬಹುದು.